ಕಾರಂಜಿ ಮೇಲಿನ ಕಾರಿಗೆ ಗೋತ್ರ ದೋಷ

ಅಮೆರಿಕದ ಕಾರುಗಳ ತವರು ಡೆಟ್ರಾಯಿಟ್‌ನ ಕೊಮೆರಿಕಾ ಪಾರ್ಕ್ ಅಂದರೆ ಬೇಸ್‌ಬಾಲ್ ಮೈದಾನ. ಅಲ್ಲೊಂದು ಕಾರಂಜಿ. ಅದರ ಮೇಲೆ ಜನರಲ್ ಮೋಟರ್ಸ್ (ಜಿಎಂ) ಕಂಪನಿಯವರು ಹೊಸ ಕಾರನ್ನು ಉತ್ಸವಮೂರ್ತಿ ಥರ ಕೂರಿಸುತ್ತಿದ್ದರು. 2019ರಲ್ಲಿ ಕೂರಿಸಿದ್ದು ಷೆವ್ರೊಲೆ ಬ್ಲೇಜರ್. ಯಾರೋ ಗೋತ್ರ ಕೇಳಿಬಿಟ್ಟರು ನೋಡಿ! ಮೂರ್ತಿ ಹುಟ್ಟಿದ್ದು ಮೆಕ್ಸಿಕೋದ ರಾಮೋಸ್ ಅರಿಸ್ಪೆಯಲ್ಲಿ.

ಊರಿಗೆ ಊರೇ ಕೆರಳಿತು. ಸಿಟ್ಟು ಬಂದದ್ದು ತಪ್ಪಲ್ಲ. ಸುಮಾರು 14,000 ಜನರ ಕೆಲಸಕ್ಕೆ ಕತ್ತರಿ ಅಂತ ಕಂಪನಿ ಹೇಳಿ ಆರು ತಿಂಗಳೂ ಆಗಿರಲಿಲ್ಲ. ಓಹಾಯೋದ ಲಾರ್ಡ್ಸ್‌ಟೌನ್ ಕಾರ್ಖಾನೆಯಿಂದ ಕೊನೆಯ ಕ್ರೂಜ್ ಕಾರು ಹೊರಬಿದ್ದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. 2017ರಲ್ಲಿ ಅಧ್ಯಕ್ಷ ಟ್ರಂಪ್ ಪಕ್ಕದ ಯಂಗ್ಸ್‌ಟೌನ್‌ಗೆ ಬಂದು, ಕೆಲಸ ಎಲ್ಲಾ ವಾಪಸ್ ಬರುತ್ತೆ, ಮನೆ ಮಾರಬೇಡಿ ಅಂದಿದ್ದರು. ನಂಬಿ ಉಳಿಸಿಕೊಂಡವರಿಗೆ ಮನೆಯಂತೂ ಉಳಿಯಿತು.

ಕಂಪನಿ ತಕ್ಷಣ ಶಾಂತಿ ಮಾಡಿಸಿತು. ಬ್ಲೇಜರ್ ಇಳಿಸಿ, ಮಿಷಿಗನ್ನಿನಲ್ಲೇ, ಲ್ಯಾನ್ಸಿಂಗ್‌ನಲ್ಲಿ ಹುಟ್ಟಿದ ಟ್ರಾವರ್ಸ್ ಕೂರಿಸಿತು. ಊರು ತಣ್ಣಗಾಯಿತು. ಬ್ಲೇಜರ್ ಇಳಿದದ್ದು ಕಾರಂಜಿಯಿಂದ ಮಾತ್ರ, ಷೋರೂಮಿನಿಂದಲ್ಲ. ಲಾರ್ಡ್ಸ್‌ಟೌನ್‌ನಲ್ಲಿ ಜಿಎಂ ಮತ್ತೆ ಕಾರು ಮಾಡಲೂ ಇಲ್ಲ.

ಗೋತ್ರ ವಿಚಾರಣೆ ಅಲ್ಲಿ ಹೊಸದೇನಲ್ಲ. ಕಾರ್ಮಿಕ ಸಂಘದ ಕೆಲವು ಕಚೇರಿಗಳ ಮುಂದೆ, ವಿದೇಶಿ ಕಾರು ನಿಲ್ಲಿಸಿದರೆ ಎಳೆದೊಯ್ಯುತ್ತೇವೆ ಅಂತ ಬೋರ್ಡು ಇರುತ್ತಿತ್ತು. ಸರಿ, ಒಂದು ಟೊಯೊಟ ಕ್ಯಾಮ್ರಿ ಬಂತು ಅನ್ನಿ. ಅದು ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ 1988ರಿಂದ ತಯಾರಾಗುತ್ತಿದೆ. ಎಳೆದುಕೊಂಡು ಎಲ್ಲಿಗೆ ಹೋಗುವುದು, ಕೆಂಟಕಿಗಾ? (ಅಲ್ಲಿ ಸಂಘ ಇಲ್ಲ. ಆ ಸಿಟ್ಟು ಬೇರೆ.) ಅದರ ಪಕ್ಕದಲ್ಲೇ ಫೋರ್ಡ್ ಫ್ಯೂಷನ್ ಹಾಯಾಗಿ ನಿಂತಿರುತ್ತದೆ. ನೀಲಿ ಬಿಲ್ಲೆ, ಅಜ್ಜನ ಕಾಲದ ಹೆಸರು. ಗಾಜಿನ ಮೂಲೆಯಲ್ಲಿ ಬಗ್ಗಿ ನೋಡಿದರೆ ಹದಿನೇಳು ಅಕ್ಷರದ ಜಾತಕ, ಅಂದರೆ ಕಾರಿನ ಗುರುತಿನ ಸಂಖ್ಯೆ. ಮೊದಲ ಅಂಕಿ 1, 4, 5 ಇದ್ದರೆ ಅಮೆರಿಕ, 2 ಅಂದರೆ ಕೆನಡಾ, 3 ಅಂದರೆ ಮೆಕ್ಸಿಕೋ. ಬಹುಪಾಲು ಫ್ಯೂಷನ್‌ಗಳ ಜಾತಕದಲ್ಲಿ 3. ಆದರೆ ಬಗ್ಗೋರು ಯಾರು? ಸೊಂಟ ನೋಯುತ್ತೆ ಅಲ್ವಾ.

ಫೋರ್ಡ್ ಫೋಕಸ್ ಕಥೆಯಂತೂ ಇನ್ನೂ ಚೆಂದ. ಮಿಷಿಗನ್ನಿನಲ್ಲಿ ತಯಾರಾಗುತ್ತಿದ್ದ ಈ ಸಣ್ಣ ಕಾರನ್ನು ಮೆಕ್ಸಿಕೋಗೆ ಸಾಗಿಸುತ್ತೇವೆ ಅಂತ ಕಂಪನಿ 2016ರಲ್ಲಿ ಹೇಳಿತು. ಗಲಾಟೆ ಆಯಿತು. 2017ರ ಜನವರಿಯಲ್ಲಿ ಸಾನ್ ಲೂಯಿಸ್ ಪೊಟೊಸಿಯ 160 ಕೋಟಿ ಡಾಲರಿನ ಕಾರ್ಖಾನೆ ಕೈಬಿಟ್ಟಿತು. ಚಪ್ಪಾಳೆ. ಚಪ್ಪಾಳೆ ಹೊಡೆದ ಕೈ ಆರುವ ಮುಂಚೆ, ಜೂನ್‌ನಲ್ಲಿ, ಫೋಕಸ್ ಚೀನಾದಿಂದ ಬರುತ್ತೆ ಅಂದಿತು. 2018ರಲ್ಲಿ ಚೀನಾ ಮಾಲಿಗೆ ಸುಂಕ ಬಿತ್ತು, ಆ ಯೋಜನೆಯೂ ಬಿತ್ತು. ಇನ್ನು ಇಲ್ಲೇ ಮಾಡಬಹುದು ಅಂತ ಟ್ರಂಪ್ ಟ್ವೀಟ್ ಮಾಡಿದರು. ಕಂಪನಿ ತಣ್ಣಗೆ ಹೇಳಿತು: ವರ್ಷಕ್ಕೆ 50,000ಕ್ಕಿಂತ ಕಮ್ಮಿ ಮಾರಾಟ, ಇಲ್ಲಿ ಮಾಡಿದರೆ ಗಿಟ್ಟಲ್ಲ. ಮೆಕ್ಸಿಕೋಗೂ ಹೋಗಲಿಲ್ಲ, ಚೀನಾದಿಂದಲೂ ಬರಲಿಲ್ಲ, ಕೊನೆಗೆ ಕಾರೇ ಹೋಯಿತು.

ನಾವು ನಗಬಾರದು. ಡೆಟ್ರಾಯಿಟ್‌ನ ಡಿಸೈನ್ ಕೆಲಸ ಬೆಂಗಳೂರಿಗೆ ಬಂದರೆ ನಮ್ಮ ಬಾಯಲ್ಲಿ ಅದು ಪ್ರತಿಭೆಗೆ ಸಿಕ್ಕ ಮನ್ನಣೆ. ಕಿಯಾ ಕಾರ್ಖಾನೆ ಗಡಿಯಾಚೆ ಪೆನುಕೊಂಡದ ಹತ್ತಿರ ಹೋಯಿತು ಅಂದರೆ ಎದೆ ಬಡಿದುಕೊಂಡೆವು. ಪೆನುಕೊಂಡ ಒಂದು ಕಾಲಕ್ಕೆ ವಿಜಯನಗರದ ರಾಜಧಾನಿ, ಆ ಲೆಕ್ಕದಲ್ಲಿ ಕಿಯಾನೂ ನಮ್ಮದೇ ಅಂತ ಸಮಾಧಾನ ಮಾಡಿಕೊಳ್ಳಬಹುದು.

ಮತ್ತೆ ಅಮೆರಿಕದ ಷೋರೂಮಿಗೆ ಬನ್ನಿ. 1992ರ ಕಾನೂನಿನ ಪ್ರಕಾರ ಪ್ರತಿ ಹೊಸ ಕಾರಿನ ಗಾಜಿಗೆ ಒಂದು ಚೀಟಿ ಅಂಟಿಸಲೇಬೇಕು. ಬಿಡಿಭಾಗಗಳಲ್ಲಿ ಅಮೆರಿಕದ್ದು ಶೇಕಡಾ ಎಷ್ಟು, ಎಂಜಿನ್ ಎಲ್ಲಿಯದು, ಜೋಡಿಸಿದ್ದು ಯಾವ ಊರಲ್ಲಿ, ಎಲ್ಲಾ ಅದರಲ್ಲಿದೆ. (ಕೆನಡಾದ ಭಾಗಗಳನ್ನೂ ಅಮೆರಿಕದ ಲೆಕ್ಕಕ್ಕೇ ಸೇರಿಸಿದ್ದಾರೆ. ನೆಂಟರಲ್ವಾ, ಇರಲಿ.) ಕಾರಂಜಿ ವಿಷಯಕ್ಕೆ ಕೂಗಾಡಿ ಗಂಟಲು ಕಟ್ಟಿಸಿಕೊಂಡ ಯಜಮಾನರು ಆ ಚೀಟಿಯ ಮುಂದೆಯೇ ನಿಂತಿದ್ದಾರೆ. ಕನ್ನಡಕ ಸರಿಮಾಡಿಕೊಂಡರು. ಬಗ್ಗಿದರು. ಸೇಲ್ಸ್ ಹುಡುಗನ ಕಡೆ ತಿರುಗಿದರು.

"ತಿಂಗಳಿಗೆ ಕಂತು ಎಷ್ಟು ಬೀಳುತ್ತಪ್ಪಾ?"