ಗಡಿಯಲ್ಲೇ ಸಿಗುವ ಟಿಎನ್ ಪರವಾನಗಿ: ಒಳ್ಳೆಯ ಏರ್ಪಾಡೇ?

ಪರ

ಕೆನಡಾದ ವಿಂಡ್ಸರ್‌ನಲ್ಲಿ ಮನೆ, ನದಿಯಾಚೆ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಆಸ್ಪತ್ರೆ ಕೆಲಸ. ಹೀಗೆ ಬದುಕುವ ನರ್ಸ್‌ಗಳು ಬಹಳ ವರ್ಷಗಳಿಂದ ಇದ್ದಾರೆ. ಸೇತುವೆಯನ್ನೋ ಸುರಂಗವನ್ನೋ ದಾಟಿ ಪಾಳಿಗೆ ಹೋಗುತ್ತಾರೆ, ಮುಗಿಸಿಕೊಂಡು ಊಟಕ್ಕೆ ಮನೆಗೆ ಬರುತ್ತಾರೆ. ಇದು ಸಾಧ್ಯವಾಗಿರುವುದು ಟಿಎನ್‌ನಿಂದ, ಅಂದರೆ ಕೆನಡಾ, ಮೆಕ್ಸಿಕೊ ಪ್ರಜೆಗಳಿಗೆ ಕೆಲವು ವೃತ್ತಿಗಳಲ್ಲಿ ದುಡಿಯಲು ಅಮೆರಿಕ ಕೊಡುವ ತಾತ್ಕಾಲಿಕ ಪರವಾನಗಿಯಿಂದ.

ಅಮೆರಿಕ, ಕೆನಡಾ, ಮೆಕ್ಸಿಕೊ ನಡುವೆ 1994ರಲ್ಲಿ ಜಾರಿಗೆ ಬಂದ ನಾಫ್ಟಾ ವ್ಯಾಪಾರ ಒಪ್ಪಂದದ ಜೊತೆಗೇ ಬಂದದ್ದು ಇದು. 2020ರ ಜುಲೈ 1ರಿಂದ ನಾಫ್ಟಾ ಜಾಗದಲ್ಲಿ ಯುಎಸ್‌ಎಂಸಿಎ ಇದೆ. ನಾಫ್ಟಾವನ್ನು ಬೈದುಕೊಂಡೇ ಗೆದ್ದ ಟ್ರಂಪ್ ಅವರೇ ಹೊಸ ಒಪ್ಪಂದಕ್ಕೂ ಸಹಿ ಹಾಕಿದರು. ಆದರೂ ಟಿಎನ್‌ಗೆ ಯಾರೂ ಕೈ ಹಾಕಲಿಲ್ಲ. ಮೂರೂ ದೇಶಕ್ಕೆ ಅದು ಬೇಕಿತ್ತು ಅಂತಲೇ ಅರ್ಥ, ಅಲ್ವಾ?

ಕೆನಡಾ ಪ್ರಜೆಗೆ ಇದು ಎಷ್ಟು ಸಲೀಸು ನೋಡಿ. ಪಾಸ್‌ಪೋರ್ಟ್, ಡಿಗ್ರಿ ಸರ್ಟಿಫಿಕೇಟ್, ಕೆಲಸ ಕೊಡುವವರ ಪತ್ರ. ಇಷ್ಟು ಹಿಡಿದು ಗಡಿಯ ಕೌಂಟರ್‌ಗೆ ಹೋದರೆ ಆಯಿತು. ಟೊರಾಂಟೊ ವಿಮಾನ ನಿಲ್ದಾಣದಲ್ಲೇ ಅಮೆರಿಕದ ಅಧಿಕಾರಿಗಳು ಕೂತಿರುತ್ತಾರೆ, ಅಲ್ಲೂ ಕೇಳಬಹುದು. ಅರ್ಜಿ ಶುಲ್ಕ 50 ಡಾಲರ್. ಅಧಿಕಾರಿ ಪತ್ರ ಓದಿ, ನಾಲ್ಕು ಪ್ರಶ್ನೆ ಕೇಳಿ ಒಪ್ಪಿದರೆ ಅವತ್ತೇ ಮೂರು ವರ್ಷದವರೆಗಿನ ಅನುಮತಿ ಕೈಗೆ ಬರುತ್ತದೆ. ಮುಗಿದ ಮೇಲೆ ಮತ್ತೆ ಕೇಳಬಹುದು. ಇಷ್ಟೇ ಸಲ ಎಂಬ ಮಿತಿ ಇಲ್ಲ.

ಅಮೆರಿಕದ ಇನ್ನೊಂದು ಕೆಲಸದ ವೀಸಾ ಎಚ್-1ಬಿ, ಅದರ ಪಾಡು ಗೊತ್ತಲ್ಲ. ವರ್ಷಕ್ಕೆ ಸಾಮಾನ್ಯ ಕೋಟಾ 65,000, ಅಮೆರಿಕದಲ್ಲಿ ಮೇಲಿನ ಡಿಗ್ರಿ ಮಾಡಿದವರಿಗೆ ಇನ್ನು 20,000. ಉಳಿದವರು ಲಾಟರಿಯಲ್ಲಿ ಹೆಸರು ಬರಲಿಲ್ಲ ಅಂತ ಮುಂದಿನ ವರ್ಷ ಕಾಯಬೇಕು. ಟಿಎನ್‌ಗೆ ಕೋಟಾ ಇಲ್ಲ, ಲಾಟರಿಯೂ ಇಲ್ಲ. ಮೆಕ್ಸಿಕೊದವರಿಗೆ ಮೊದಲು ವರ್ಷಕ್ಕೆ 5,500 ಎಂಬ ಮಿತಿ ಇತ್ತು, 2004ರಿಂದ ಅದೂ ಹೋಯಿತು. ಅವರು ಕಾನ್ಸುಲೇಟ್‌ನಲ್ಲಿ ವೀಸಾ ಮಾಡಿಸಿಕೊಳ್ಳಬೇಕು ಅನ್ನುವುದೊಂದೇ ಜಾಸ್ತಿ ಕೆಲಸ.

ಅಮೆರಿಕದಿಂದ ಕೆನಡಾಕ್ಕೂ ಇಂಥದೇ ದಾರಿ. ಅಮೆರಿಕದ ಎಂಜಿನಿಯರ್‌ನನ್ನು ಕರೆಸಿಕೊಳ್ಳುವ ಕೆನಡಾದ ಕಂಪನಿ ‘ಇಲ್ಲಿ ಯಾರೂ ಸಿಗಲಿಲ್ಲ’ ಎಂದು ಸರ್ಕಾರಕ್ಕೆ ರುಜುವಾತು ಕೊಡುವ ತಾಪತ್ರಯವಿಲ್ಲ.

ವಿರೋಧ

ಸಲೀಸು ಅನ್ನುವುದು ನಿಜ. ಆದರೆ ಯಾರಿಗೆ?

ಒಪ್ಪಂದದಲ್ಲಿ ಅರವತ್ತು ಚಿಲ್ಲರೆ ವೃತ್ತಿಗಳ ಪಟ್ಟಿ ಇದೆ. ಅದರಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಟ್ಟಿ ಇವತ್ತಿಗೂ ಹೆಚ್ಚುಕಡಿಮೆ ನಾಫ್ಟಾ ಕಾಲದ್ದೇ. ಮರ ಬೆಳೆಸುವ ಅರಣ್ಯ ತಜ್ಞರಿಗೆ ಜಾಗ ಇದೆ, ಪ್ರೋಗ್ರಾಮರ್ ಎಂಬ ಹೆಸರೇ ಇಲ್ಲ. ಇರುವುದು ‘ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್’. ಹಾಗಾಗಿ ಇಡೀ ದಿನ ಕೋಡ್ ಬರೆಯುವವನ ಪತ್ರದಲ್ಲಿ ‘ವಿಶ್ಲೇಷಣೆ’ ಎಂಬ ಮಾತನ್ನು ಹುಡುಕಿ ಹುಡುಕಿ ತುಂಬಬೇಕು. ವೈದ್ಯರದು ಇನ್ನೊಂದು ವಿಚಿತ್ರ. ಪಾಠ ಹೇಳಬಹುದು, ಸಂಶೋಧನೆ ಮಾಡಬಹುದು, ರೋಗಿಗಳನ್ನು ನೋಡುವುದೇ ಕೆಲಸ ಅಂದರೆ ಟಿಎನ್ ಇಲ್ಲ. ಅದೇ ಆಸ್ಪತ್ರೆಯ ನರ್ಸ್‌ಗೆ ಉಂಟು.

ಕೌಂಟರ್‌ನಲ್ಲಿ ಕೂತ ಅಧಿಕಾರಿಯ ಮಾತೇ ಅಲ್ಲಿ ಕೊನೆ. ಒಬ್ಬರು ಒಪ್ಪಿದ ಪತ್ರವನ್ನು ಇನ್ನೊಬ್ಬರು ಒಪ್ಪದೇ ಇರಬಹುದು. ಮನೆ ಖಾಲಿ ಮಾಡಿ, ಸಾಮಾನು ಲಾರಿಗೆ ಹೇರಿ ಬಂದವರಿಗೂ ಅಲ್ಲಿ ‘ಇಲ್ಲ’ ಅನ್ನಿಸಿಕೊಳ್ಳುವ ಭಯ ಇದ್ದೇ ಇರುತ್ತದೆ.

ಗಂಡನೋ ಹೆಂಡತಿಯೋ ಜೊತೆಗೆ ಬಂದರೆ ಅವರಿಗೆ ಟಿಡಿ ಎಂಬ ಅವಲಂಬಿತರ ಪರವಾನಗಿ. ಓದಬಹುದು, ದುಡಿಯುವಂತಿಲ್ಲ. ಇಬ್ಬರೂ ಸಂಪಾದಿಸುತ್ತಿದ್ದ ಮನೆಯಲ್ಲಿ ಒಬ್ಬರು ಸುಮ್ನೆ ಕೂರಬೇಕು. ಪರ ಮಾತಾಡುವವರು ಇದನ್ನು ಯಾಕೋ ಜಾರಿಸಿಬಿಡುತ್ತಾರೆ. ನನಗೆ ದೊಡ್ಡ ಲೋಪ ಅನ್ನಿಸುವುದು ಇದೇ. ಇನ್ನು ಕೆಲಸ ಹೋದರೆ ಬೇರೆ ದಾರಿ ನೋಡಿಕೊಳ್ಳಲು ಹೆಚ್ಚೆಂದರೆ 60 ದಿನ.

ಕೆನಡಾದಲ್ಲಿ ಕಾಯಂ ನಿವಾಸಿ ಆಗಿದ್ದರೆ ಸಾಲದು, ಪೌರತ್ವವೇ ಬೇಕು. ಅದು ಸಿಕ್ಕಿತು ಅನ್ನಿ. ಭಾರತದಲ್ಲಿ ಹುಟ್ಟಿ ಕೆನಡಾ ಪಾಸ್‌ಪೋರ್ಟ್ ಪಡೆದವರಿಗೆ ಟಿಎನ್ ಕೊಡುವಾಗ ಅಮೆರಿಕ ಹುಟ್ಟಿದ ಊರು ನೋಡುವುದಿಲ್ಲ. ಅದೇ ಮನುಷ್ಯ ಕಂಪನಿಯ ಮೂಲಕ ಗ್ರೀನ್ ಕಾರ್ಡ್‌ಗೆ ಹಾಕಿದರೆ ಹುಟ್ಟಿದ ದೇಶದ ಲೆಕ್ಕವೇ ಮುಂದೆ ಬರುತ್ತದೆ. ಮತ್ತೆ ಭಾರತದ ಆ ಉದ್ದದ ಸಾಲಿನಲ್ಲೇ ನಿಲ್ಲಬೇಕು.

ಗ್ರೀನ್ ಕಾರ್ಡ್‌ಗೆ ಹಾಕಿದ್ದೇ ಟಿಎನ್‌ಗೆ ಮುಳ್ಳಾಗಲೂಬಹುದು. ಎಚ್-1ಬಿ ಇಟ್ಟುಕೊಂಡು ಇಲ್ಲೇ ನೆಲೆಸುತ್ತೇನೆ ಅನ್ನಬಹುದು, ಟಿಎನ್‌ನಲ್ಲಿ ಹಾಗಿಲ್ಲ. ಮೂರು ಮೂರು ವರ್ಷದಂತೆ ಹನ್ನೆರಡು ವರ್ಷ ಕಳೆದಿರಬಹುದು. ಮನೆ ಆಗಿದೆ, ಮಕ್ಕಳು ಅಲ್ಲಿಯ ಶಾಲೆಯಲ್ಲಿದ್ದಾರೆ. ಐದನೇ ಸಲ ಪತ್ರ ಹಿಡಿದು ಕೌಂಟರ್ ಮುಂದೆ ನಿಂತಾಗಲೂ ಅಧಿಕಾರಿ ಕೇಳುವುದು ಅದನ್ನೇ: ‘ವಾಪಸ್ ಯಾವಾಗ ಹೋಗ್ತೀರಿ?’