ಮೆಥನಾಲ್ ಇಂಧನಕೋಶವು ನಾಫಿಯಾನ್ ಪೊರೆಯನ್ನು ಕೈಬಿಡಬೇಕೇ?

ಪರ

ಮೆಥನಾಲ್ ಎಂಬ ದ್ರವ ಇಂಧನದಿಂದಲೇ ವಿದ್ಯುತ್ ಪಡೆಯುವ ನೇರ ಮೆಥನಾಲ್ ಇಂಧನಕೋಶದಲ್ಲಿ ಪಾಲಿಮರ್ ಪೊರೆಗೆ ಎರಡು ಮುಖ್ಯ ಕೆಲಸಗಳಿವೆ: ಇಂಧನದ ಕಡೆಯ ವಿದ್ಯುದ್ವಾರವಾದ ಆನೋಡಿನಲ್ಲಿ ಬಿಡುಗಡೆಯಾದ ಪ್ರೋಟಾನುಗಳನ್ನು ಎದುರಿನ ವಿದ್ಯುದ್ವಾರವಾದ ಕ್ಯಾಥೋಡಿಗೆ ದಾಟಿಸುವುದು ಮತ್ತು ಮೆಥನಾಲನ್ನು ಆನೋಡಿನ ಕಡೆಗೇ ತಡೆದಿಡುವುದು. 1960ರ ದಶಕದಲ್ಲಿ ಡುಪಾಂಟ್ ಕಂಪನಿಯಲ್ಲಿ ರೂಪುಗೊಂಡ ನಾಫಿಯಾನ್ ಎಂಬ ಪೊರೆ ಮೊದಲನೆಯದನ್ನು ಸೊಗಸಾಗಿ ಮಾಡಿ ಎರಡನೆಯದರಲ್ಲಿ ಸೋಲುತ್ತದೆ. ಇದು ತಯಾರಿಕೆಯ ದೋಷವಲ್ಲ, ಒಳರಚನೆಯ ಫಲ. ಟೆಫ್ಲಾನಿನಂತೆ ನೀರನ್ನು ಒಲ್ಲದ ಬೆನ್ನೆಲುಬಿನಿಂದ ದೂರ ಸರಿದು ಸಲ್ಫೋನಿಕ್ ಆಮ್ಲದ ತುದಿಗಳು ಗುಂಪುಗೂಡುವುದರಿಂದ, ಒದ್ದೆಯಾದ ಪೊರೆಯಲ್ಲಿ ಕೆಲವೇ ನ್ಯಾನೋಮೀಟರ್ ಅಗಲದ ನೀರಿನ ಕಾಲುವೆಗಳು ಮೂಡುತ್ತವೆ. ಪ್ರೋಟಾನು ಹಾಯುವ ಅದೇ ದಾರಿಯಲ್ಲಿ, ನೀರಿನೊಡನೆ ಎಷ್ಟು ಬೇಕಾದರೂ ಬೆರೆಯುವ ಮೆಥನಾಲೂ ಹಾಯುತ್ತದೆ.

ನುಸುಳಿದ ಮೆಥನಾಲ್ ಕ್ಯಾಥೋಡಿನ ಪ್ಲಾಟಿನಂ ವೇಗವರ್ಧಕದ ಮೇಲೆ ಉತ್ಕರ್ಷಣಗೊಂಡಾಗ ಇಂಧನವೂ ವ್ಯರ್ಥವಾಗುತ್ತದೆ, ವೋಲ್ಟೇಜೂ ಕುಸಿಯುತ್ತದೆ. ಸಿದ್ಧಾಂತದ ಪ್ರಕಾರ ಸುಮಾರು 1.21 ವೋಲ್ಟ್ ಕೊಡಬೇಕಾದ ಕೋಶವು ಹೊರೆಯಿಲ್ಲದಿರುವಾಗಲೂ ಅದರ ಹತ್ತಿರ ಸುಳಿಯದಿರಲು ಇದೊಂದು ಮುಖ್ಯ ಕಾರಣ. ಆದ್ದರಿಂದ ಇಂಧನವನ್ನು ಸಾಮಾನ್ಯವಾಗಿ ಲೀಟರಿಗೆ 1–2 ಮೋಲ್‌ನಷ್ಟು ತೆಳುಮಾಡಿ ಉಣಿಸುತ್ತಾರೆ. ಶುದ್ಧ ಮೆಥನಾಲಿನಲ್ಲಿ ಲೀಟರಿಗೆ ಸುಮಾರು 24.7 ಮೋಲ್ ಇರುತ್ತದೆ. ದ್ರವ ಇಂಧನದ ಶಕ್ತಿಸಾಂದ್ರತೆಯನ್ನು ಹೊಗಳಿ ಕೋಶಕ್ಕೆ ಬಹುಪಾಲು ನೀರನ್ನೇ ಕುಡಿಸುವುದು ವಿಚಿತ್ರವೇ ಸರಿ.

ಸಲ್ಫೋನೀಕರಿಸಿದ ಪಾಲಿಈಥರ್ ಈಥರ್ ಕೀಟೋನಿನಂತಹ ಹೈಡ್ರೋಕಾರ್ಬನ್ ಪಾಲಿಮರುಗಳಲ್ಲಿ ಬೆಂಜೀನ್ ಉಂಗುರಗಳ ಬಿಗಿಯಾದ ಬೆನ್ನೆಲುಬಿನಿಂದಾಗಿ ಕಾಲುವೆಗಳು ಕಿರಿದಾಗಿ, ಹೆಚ್ಚು ಕವಲೊಡೆದು, ಅಲ್ಲಲ್ಲಿ ಕುರುಡಾಗಿ ಕೊನೆಗೊಳ್ಳುತ್ತವೆ. ಮೆಥನಾಲ್ ನುಸುಳುವುದು ಕಡಿಮೆಯಾಗುತ್ತದೆ. ಅವುಗಳಲ್ಲಿ ಫ್ಲೋರಿನ್ ಇಲ್ಲವೆಂಬುದೂ ಸಣ್ಣ ಮಾತಲ್ಲ: ಪರಿಸರದಲ್ಲಿ ಅಳಿಯದೆ ಉಳಿಯುವ ಫ್ಲೋರೋ ಸಂಯುಕ್ತಗಳನ್ನು ಒಟ್ಟಾಗಿ ನಿರ್ಬಂಧಿಸುವ ಪ್ರಸ್ತಾವವನ್ನು 2023ರಲ್ಲಿ ಯುರೋಪಿನ ಐದು ದೇಶಗಳು ಮಂಡಿಸಿವೆ.

ವಿರೋಧ

ನುಸುಳುವಿಕೆಯೊಂದನ್ನೇ ಅಳೆದು ಪೊರೆಯ ಯೋಗ್ಯತೆಯನ್ನು ನಿರ್ಧರಿಸಲಾಗದು. ಪ್ರೋಟಾನ್ ವಾಹಕತೆಯನ್ನು ಮೆಥನಾಲ್ ಪಾರಗಮ್ಯತೆಯಿಂದ, ಅಂದರೆ ಪೊರೆ ಮೆಥನಾಲನ್ನು ಎಷ್ಟು ನುಸುಳಬಿಡುತ್ತದೆ ಎಂಬ ಅಳತೆಯಿಂದ, ಭಾಗಿಸಿ ಬಂದ ಅಂಕಿಯನ್ನು ಹೊಸ ಪೊರೆಗಳ ಪರವಾಗಿ ತೋರಿಸುವುದುಂಟು. ಆದರೆ ಎರಡೂ ಕುಸಿದು, ಎರಡನೆಯದು ತುಸು ಹೆಚ್ಚು ಕುಸಿದಿದ್ದರೂ ಆ ಅಂಕಿ ಚೆಂದವಾಗಿಯೇ ಕಾಣುತ್ತದೆ. ಕಿರಿದಾದ ಕಾಲುವೆ ಮೆಥನಾಲನ್ನಷ್ಟೇ ಅಲ್ಲ, ಪ್ರೋಟಾನನ್ನೂ ತಡೆಯುತ್ತದೆ. ಚೆನ್ನಾಗಿ ನೆನೆದ ನಾಫಿಯಾನ್ ಸೆಂಟಿಮೀಟರಿಗೆ ಸುಮಾರು 0.1 ಸೀಮೆನ್ಸ್ ವಾಹಕತೆ ಕೊಡುತ್ತದೆ. ಅದನ್ನು ಸರಿಗಟ್ಟಲು ಹೈಡ್ರೋಕಾರ್ಬನ್ ಪೊರೆಗೆ ಸಲ್ಫೋನಿಕ್ ಗುಂಪುಗಳನ್ನು ಹೆಚ್ಚಿಸುತ್ತ ಹೋದರೆ ಪೊರೆ ಉಬ್ಬಿ ಬಲಗುಂದುತ್ತದೆ, ಮಿತಿಮೀರಿದರೆ ಬಿಸಿ ಮೆಥನಾಲ್ ದ್ರಾವಣದಲ್ಲಿ ಕರಗಿಯೇ ಹೋಗಬಹುದು.

ನುಸುಳುವಿಕೆ ಸ್ಥಿರ ಪ್ರಮಾಣವೂ ಅಲ್ಲ. ಕೋಶದಿಂದ ಹೆಚ್ಚು ವಿದ್ಯುತ್ ಪ್ರವಾಹ ಪಡೆದಂತೆ ಮೆಥನಾಲ್ ಆನೋಡಿನಲ್ಲೇ ಖರ್ಚಾಗಿ ಪೊರೆಯನ್ನು ಮುಟ್ಟುವುದು ಕಡಿಮೆಯಾಗುತ್ತದೆ. ಸುಮಾರು 180 ಮೈಕ್ರೋಮೀಟರ್ ದಪ್ಪದ ನಾಫಿಯಾನ್ 117 ಬಳಸಿ, ಇಂಧನದ ಸಾಂದ್ರತೆಯನ್ನು ಹೊರೆಗೆ ತಕ್ಕಂತೆ ಹೊಂದಿಸಿದರೆ ತೊಂದರೆ ಹಿಡಿತಕ್ಕೆ ಬರುತ್ತದೆ. ದಪ್ಪ ಹೆಚ್ಚಿದಷ್ಟೂ ರೋಧವೂ ಹೆಚ್ಚುವುದು ನಿಜ.

ಬಾಳಿಕೆಯ ಪ್ರಶ್ನೆ ಇದಕ್ಕಿಂತ ಗಂಭೀರ. ಕೋಶದೊಳಗೆ ಹುಟ್ಟಿ ಪೊರೆಯನ್ನು ಕೊರೆಯುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಇಂಗಾಲ–ಫ್ಲೋರಿನ್ ಬಂಧಗಳು ತಾಳಿಕೊಳ್ಳುವಷ್ಟು ಹೈಡ್ರೋಕಾರ್ಬನ್ ಸರಪಳಿ ತಾಳಿಕೊಳ್ಳುವುದಿಲ್ಲ. ಜೊತೆಗೆ, ವಿದ್ಯುದ್ವಾರದ ಪದರಗಳಲ್ಲಿ ಅಂಟಾಗಿ ಸಾಮಾನ್ಯವಾಗಿ ನಾಫಿಯಾನೇ ಇರುವುದರಿಂದ, ಬೇರೆ ಪ್ರಮಾಣದಲ್ಲಿ ಉಬ್ಬುವ ಪೊರೆ ಅವುಗಳಿಂದ ಕಾಲಕ್ರಮೇಣ ಬಿಟ್ಟುಕೊಳ್ಳುತ್ತದೆ. ಫ್ಲೋರಿನ್ ಕುರಿತ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಪೊರೆಯನ್ನು ಎರಡೂ ಕಡೆಯ ವಿದ್ಯುದ್ವಾರಗಳೊಂದಿಗೆ ಒತ್ತಿ ಒಂದೇ ಘಟಕವಾಗಿ ಕೂಡಿಸಿರುವಾಗ, ಬೇಗ ಹಾಳಾಗುವ ಪ್ರತಿ ಪೊರೆಯ ಜೊತೆಗೆ ಅದರ ಪ್ಲಾಟಿನಂ ಮತ್ತು ರುಥೇನಿಯಂ ವೇಗವರ್ಧಕ ಪದರಗಳನ್ನೂ ಕಳಚಿ ತೆಗೆಯಬೇಕಾಗುತ್ತದೆ.