ಹನ್ನೆರಡು ಗಂಟೆ ತಡವಾಗಿ ಹೋದ ಫೋನ್ ಕರೆ

ಅಮೆರಿಕದ ಕಾಲೇಜುಗಳಲ್ಲಿ ಹುಡುಗರ ಸಂಘಕ್ಕೆ ಫ್ರಾಟರ್ನಿಟಿ, ಹುಡುಗಿಯರ ಸಂಘಕ್ಕೆ ಸೊರೋರಿಟಿ ಎಂದು ಹೆಸರು; ಅವುಗಳಲ್ಲಿ ಹೊಸಬರನ್ನು ಗೋಳು ಹೊಯ್ದುಕೊಳ್ಳುವ ಪದ್ಧತಿಗೆ ಹೇಜಿಂಗ್ ಅನ್ನುತ್ತಾರೆ. ಪ್ರತಿ ಸಾವಿನ ನಂತರ ಅದರ ಬಗ್ಗೆ ಜಗಳ ಶುರುವಾಗುತ್ತದೆ, ಅದರ ಬೆನ್ನಿಗೇ 'ಸಂಪ್ರದಾಯ' ಎಂಬ ಮಾತೂ ಬರುತ್ತದೆ. ಯಾವ ಸಂಪ್ರದಾಯ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಮೊದಲ ಸಂಘ ಫೈ ಬೀಟಾ ಕಪ್ಪ. ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ 1776ರಲ್ಲಿ ಹುಟ್ಟಿತು. ಇವತ್ತಿನ ಫ್ರಾಟರ್ನಿಟಿಯ ಮಾದರಿ ಬಂದದ್ದು 1825ರಲ್ಲಿ, ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನ ಕಪ್ಪ ಆಲ್ಫಾ ಸೊಸೈಟಿಯಿಂದ. ಇವರ ನಿಜವಾದ ವಿಧಿ ಅಂದರೆ ಮೇಣದಬತ್ತಿ, ಪ್ರತಿಜ್ಞೆ, ಗುಟ್ಟಿನ ಕೈಕುಲುಕು, ಗುಟ್ಟಿನ ಧ್ಯೇಯವಾಕ್ಯ, ಎದೆಗೊಂದು ಬ್ಯಾಡ್ಜ್. ನಮ್ಮಲ್ಲಿ ದೀಕ್ಷೆ ಕೊಡುವಾಗ ಕಿವಿಯಲ್ಲಿ ಮಂತ್ರ ಹೇಳುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ. ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆ ವಿಧಿಯಿಂದ ಯಾರೂ ಸಾಯಬೇಕಾಗಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಹೇಜಿಂಗ್ ಅಂದರೆ ಮುಖ್ಯವಾಗಿ ಎರಡನೇ ವರ್ಷದವರು ಮೊದಲನೇ ವರ್ಷದವರನ್ನು ಕಾಡುವುದು, ನಮ್ಮ ರ‍್ಯಾಗಿಂಗ್ ಇದ್ದ ಹಾಗೆಯೇ. ಅದು ನಿಧಾನವಾಗಿ ಫ್ರಾಟರ್ನಿಟಿಯ ಸದಸ್ಯರು ಒಟ್ಟಿಗೆ ಇರುವ ಮನೆಯೊಳಗೆ ಸೇರಿಕೊಂಡಿತು. 1873ರಲ್ಲಿ ಕಾರ್ನೆಲ್‌ನಲ್ಲಿ ಹೊಸ ಸದಸ್ಯನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ರಾತ್ರಿ ಊರಾಚೆ ಕರೆದೊಯ್ದರು. ಅವನು ಕಮರಿಗೆ ಬಿದ್ದು ಸತ್ತ. ಇವತ್ತು 'ಬಿಗ್ ಬ್ರದರ್ ನೈಟ್' ದಿನ ಹದಿನೆಂಟರ ಹುಡುಗನ ಕೈಗೆ ವಿಸ್ಕಿ ಬಾಟಲ್ ಇಡುವ ಪದ್ಧತಿ ಯಾವ ಸಂಘದ ವಿಧಿಪುಸ್ತಕದಲ್ಲೂ ಇಲ್ಲ. ಹಿಂದಿನ ವರ್ಷದ ಬ್ಯಾಚ್ ಮುಂದಿನ ಬ್ಯಾಚಿಗೆ ಬಾಯಿಮಾತಿನಲ್ಲಿ ದಾಟಿಸುವ ಚಟ ಅದು. ಅದನ್ನು ಪರಂಪರೆ ಎಂದು ಕರೆಯಲು ನಾನಂತೂ ಒಪ್ಪುವುದಿಲ್ಲ.

ಸೇರುವ ಕ್ರಮ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಮೊದಲು 'ರಶ್', ಅಂದರೆ ಮನೆಮನೆ ಸುತ್ತಿ ಪರಿಚಯ ಮಾಡಿಕೊಳ್ಳುವ ಒಂದೆರಡು ವಾರ. ಆಮೇಲೆ 'ಬಿಡ್', ಅಂದರೆ ಆಹ್ವಾನ. ಒಪ್ಪಿಕೊಂಡವನು 'ಪ್ಲೆಡ್ಜ್' ಆಗುತ್ತಾನೆ. ಕೆಲವು ವಾರ ಪ್ಲೆಡ್ಜ್ ಆಗಿದ್ದು, ಕೊನೆಯಲ್ಲಿ ದೀಕ್ಷೆ ಪಡೆದು ಪೂರ್ಣ ಸದಸ್ಯನಾಗುತ್ತಾನೆ. ಈ ವಾರಗಳಲ್ಲಿ ಕಾರು ಓಡಿಸುವುದು, ಮನೆ ಗುಡಿಸುವುದು, ರಾತ್ರಿ ಎರಡು ಗಂಟೆಗೆ ಊಟ ತಂದುಕೊಡುವುದು ಎಲ್ಲ ಅವನ ಪಾಲು. ಅಪಾಯ ಎಲ್ಲ ದಿನ ಒಂದೇ ಸಮ ಇರುವುದಿಲ್ಲ. ಬಿಡ್ ಒಪ್ಪಿಕೊಂಡ ರಾತ್ರಿ, ಹಿರಿಯ 'ಅಣ್ಣ' ಯಾರೆಂದು ತಿಳಿಸುವ ಬಿಗ್ ಬ್ರದರ್ ರಾತ್ರಿ, ದೀಕ್ಷೆಗೆ ಮುಂಚಿನ 'ಹೆಲ್ ವೀಕ್', ಈ ಮೂರು ಸಂದರ್ಭಗಳಲ್ಲೇ ಅನಾಹುತ ಮತ್ತೆಮತ್ತೆ ಆಗಿದೆ.

ಬಿಗ್ ಬ್ರದರ್ ರಾತ್ರಿಯ ಲೆಕ್ಕ ನೋಡಿ. 750 ಎಂಎಲ್‌ನ ಒಂದು ಫುಲ್ ಬಾಟಲ್, ಶೇಕಡಾ 40 ಆಲ್ಕೋಹಾಲ್. ನಮ್ಮ ಲೆಕ್ಕದಲ್ಲಿ 30 ಎಂಎಲ್‌ನ 25 ಸಣ್ಣ ಪೆಗ್. ಅಮೆರಿಕದವರ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್, ಹಾಗೆ ನೋಡಿದರೆ ಈ ಬಾಟಲಿನಲ್ಲಿ ಸುಮಾರು 17 ಡ್ರಿಂಕ್. ದೇಹ ಒಂದು ಗಂಟೆಯಲ್ಲಿ ಕರಗಿಸಬಲ್ಲದ್ದು ಹೆಚ್ಚುಕಡಿಮೆ ಒಂದು ಡ್ರಿಂಕ್. ಒಂದೆರಡು ಗಂಟೆಯಲ್ಲಿ ಬಾಟಲ್ ಖಾಲಿ ಮಾಡಿದವನ ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.3 ದಾಟುವುದು ಸುಲಭ. ಕಾರು ಓಡಿಸಲು ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಮಿತಿ 0.08. ಒಹಾಯೋದ ಬೌಲಿಂಗ್ ಗ್ರೀನ್‌ನಲ್ಲಿ 2021ರ ಮಾರ್ಚ್‌ನಲ್ಲಿ ಸತ್ತ ಸ್ಟೋನ್ ಫೋಲ್ಟ್ಜ್ ರಕ್ತದಲ್ಲಿ ಇದ್ದದ್ದು 0.35. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಸತ್ತ ಮ್ಯಾಕ್ಸ್ ಗ್ರೂವರ್ ರಕ್ತದಲ್ಲಿ 0.495. ಅಲ್ಲಿ ನಡೆದದ್ದು 'ಬೈಬಲ್ ಸ್ಟಡಿ' ಎಂಬ ಹೆಸರಿನ ಆಟ. ಸಂಘದ ಚರಿತ್ರೆಯ ಬಗ್ಗೆ, ಗ್ರೀಕ್ ಅಕ್ಷರಮಾಲೆಯ ಬಗ್ಗೆ ಪ್ರಶ್ನೆ ಕೇಳುವುದು, ತಪ್ಪಿದರೆ ಕುಡಿಸುವುದು. ತಪ್ಪಿ ಕುಡಿದವನು ಮುಂದಿನ ಪ್ರಶ್ನೆಗೂ ತಪ್ಪೇ ಉತ್ತರ ಕೊಡುತ್ತಾನೆ. ಆಟದ ರಚನೆಯೇ ಹಾಗಿದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇಲ್ಲಿದೆ. ಕುಡಿಯುವುದು ನಿಂತ ಮೇಲೂ ರಕ್ತದಲ್ಲಿ ಆಲ್ಕೋಹಾಲ್ ಏರುತ್ತಲೇ ಇರುತ್ತದೆ, ಯಾಕೆಂದರೆ ಹೊಟ್ಟೆಯಲ್ಲಿರುವುದು ಇನ್ನೂ ರಕ್ತಕ್ಕೆ ಸೇರುತ್ತಿರುತ್ತದೆ. 'ಮಲಗಿಸಿಬಿಡಿ, ಬೆಳಿಗ್ಗೆ ಇಳಿಯುತ್ತೆ' ಅನ್ನುವ ಮಾತು ಇದಕ್ಕೇ ಕೊಲ್ಲುವುದು. ಮಲಗಿಸಿದಾಗ ಗೊರಕೆ ಹೊಡೆಯುತ್ತಿದ್ದವನ ಉಸಿರಾಟವನ್ನು ನಡೆಸುವ ಮೆದುಳಿನ ಭಾಗ ಒಂದು ಗಂಟೆಯ ನಂತರ ಮಂಕಾಗುತ್ತದೆ. ವಾಂತಿ ಬಂದರೆ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಎಬ್ಬಿಸಿದರೆ ಏಳದಿರುವುದು, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರ, ತಣ್ಣಗಾದ ಅಥವಾ ನೀಲಿಗಟ್ಟಿದ ಚರ್ಮ, ಇದರಲ್ಲಿ ಒಂದು ಕಂಡರೂ ಕಾಯುವ ಹಾಗಿಲ್ಲ. ತಣ್ಣೀರು ಸ್ನಾನ, ಕಾಫಿ, ಓಡಾಡಿಸುವುದು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಮಗ್ಗುಲಿಗೆ ಮಲಗಿಸಿ, ಪಕ್ಕದಲ್ಲೇ ಕೂತು ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಬೇಕು.

ಆ ಫೋನ್ ಯಾಕೆ ಹೋಗುವುದಿಲ್ಲ? ನನ್ನ ಪ್ರಕಾರ ಇಡೀ ಚರ್ಚೆ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಪೆನ್ ಸ್ಟೇಟ್ ಯೂನಿವರ್ಸಿಟಿಯ ಬೀಟಾ ಥೀಟಾ ಪೈ ಮನೆ, 2017ರ ಫೆಬ್ರವರಿ 2, ಬಿಡ್ ರಾತ್ರಿ. ಟಿಮಥಿ ಪಿಯಾಜಾಗೆ 19 ವರ್ಷ. 'ಗಾಂಟ್ಲೆಟ್' ಎಂಬ ಹೆಸರಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿಸುತ್ತ ಕುಡಿಸಿದರು. 82 ನಿಮಿಷಗಳಲ್ಲಿ 18 ಡ್ರಿಂಕ್. ರಾತ್ರಿ ಹನ್ನೊಂದರ ಹೊತ್ತಿಗೆ ಹುಡುಗ ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದ. ತಲೆಬುರುಡೆಗೆ ಪೆಟ್ಟು, ಹೊಟ್ಟೆಯೊಳಗೆ ಗುಲ್ಮ ಛಿದ್ರವಾಗಿ ರಕ್ತಸ್ರಾವ. ಎತ್ತಿ ತಂದು ಸೋಫಾದ ಮೇಲೆ ಹಾಕಿದರು, ವಾಂತಿ ಬಂದರೆ ಅಂಗಾತ ಹೊರಳದಿರಲಿ ಎಂದು ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಕಟ್ಟಿದರು. ಆಸ್ಪತ್ರೆಗೆ ಫೋನ್ ಮಾಡೋಣ ಎಂದ ಹೊಸ ಸದಸ್ಯನನ್ನು ಪಕ್ಕಕ್ಕೆ ತಳ್ಳಿದರು. ಮನೆಯ ಕ್ಯಾಮೆರಾಗಳಲ್ಲಿ ಎಲ್ಲವೂ ದಾಖಲಾಗಿದೆ. 911ಕ್ಕೆ ಕರೆ ಹೋದದ್ದು ಮರುದಿನ ಬೆಳಿಗ್ಗೆ 10.48ಕ್ಕೆ. ಫೆಬ್ರವರಿ 4ರಂದು ಆ ಹುಡುಗ ತೀರಿಕೊಂಡ.

ಬ್ಯಾಗ್ ಕಟ್ಟಿದರು ಅನ್ನುವುದನ್ನು ಗಮನಿಸಿ. ವಾಂತಿಯಿಂದ ಉಸಿರುಕಟ್ಟಿ ಸಾಯಬಹುದು ಎಂಬುದು ಅವರಿಗೆ ಗೊತ್ತಿತ್ತು, ಅದಕ್ಕೊಂದು ಉಪಾಯವೂ ಅವರ ಬಳಿ ಇತ್ತು. ಇಲ್ಲದಿದ್ದದ್ದು ಹೊರಗಿನವರನ್ನು ಒಳಗೆ ಬಿಡುವ ಮನಸ್ಸು ಮಾತ್ರ. ಕೈಕುಲುಕಿನ ಗುಟ್ಟು ಕಾಯಬೇಕು ಎಂದು ಮೊದಲ ದಿನದಿಂದ ಕಲಿತವರು ನೆಲಮಾಳಿಗೆಯ ಗುಟ್ಟನ್ನೂ ಅದೇ ನಿಷ್ಠೆಯಿಂದ ಕಾಯುತ್ತಾರೆ. ಫೋನ್ ಮಾಡಿದರೆ ಚಾಪ್ಟರ್, ಅಂದರೆ ಆ ಕಾಲೇಜಿನಲ್ಲಿರುವ ಸಂಘದ ಶಾಖೆ, ಮುಚ್ಚುತ್ತದೆ ಎಂಬ ಭಯ ಅದಕ್ಕೆ ಸೇರಿಕೊಳ್ಳುತ್ತದೆ. ಮನೆಯ ಹೆಸರು ಉಳಿಸಲು ಹೋಗಿ ಮನುಷ್ಯನನ್ನು ಕಳೆದುಕೊಳ್ಳುತ್ತಾರೆ.

ಮದ್ಯವನ್ನಷ್ಟೇ ದೂರಿದರೂ ಸಾಲದು. ಕ್ಯಾಲಿಫೋರ್ನಿಯಾದ ಚೀಕೋದಲ್ಲಿ 2005ರಲ್ಲಿ ಮ್ಯಾಥ್ಯೂ ಕ್ಯಾರಿಂಗ್ಟನ್ ಎಂಬ ಯುವಕ ಸತ್ತದ್ದು ನೀರಿನಿಂದ. ಚಳಿಯ ನೆಲಮಾಳಿಗೆಯಲ್ಲಿ ಫ್ಯಾನ್ ಹಾಕಿ, ವ್ಯಾಯಾಮ ಮಾಡಿಸುತ್ತ ಗಂಟೆಗಟ್ಟಲೆ ನೀರು ಕುಡಿಸಿದರು. ರಕ್ತದ ಸೋಡಿಯಂ ಕುಸಿದು ಮೆದುಳು ಊದಿಕೊಂಡಿತು. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಏಷ್ಯನ್ ಅಮೆರಿಕನ್ ಫ್ರಾಟರ್ನಿಟಿ ಪೈ ಡೆಲ್ಟಾ ಸೈ ಹೊಸಬರನ್ನು ಪೆನ್ಸಿಲ್ವೇನಿಯಾದ ಬೆಟ್ಟಗಳಿಗೆ ಕರೆದೊಯ್ದಿತು. ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಮರಳಿನ ಚೀಲ ಹೊರಿಸಿ, ಹಿರಿಯರು ಒಬ್ಬೊಬ್ಬರಾಗಿ ಡಿಕ್ಕಿ ಹೊಡೆದು ಬೀಳಿಸುವ ಆಟ. ಒಬ್ಬ ಹುಡುಗನ ತಲೆಗೆ ಪೆಟ್ಟಾಯಿತು. ಅಲ್ಲಿದ್ದವರು ಮಾಡಿದ್ದು ಅವನ ಬಟ್ಟೆ ಬದಲಿಸುವುದು, ಲಕ್ಷಣಗಳನ್ನು ಇಂಟರ್‌ನೆಟ್‌ನಲ್ಲಿ ಹುಡುಕುವುದು, ಕೊನೆಗೆ ತಾವೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ಯುವುದು. ಎರಡು ಘಟನೆಗಳಲ್ಲೂ ಮದ್ಯ ಮುಖ್ಯವಲ್ಲ. ಪೆನ್ಸಿಲ್ವೇನಿಯಾದಲ್ಲೂ ತಡ ಅದೇ ತಡ. ಆ ಪ್ರಕರಣದಲ್ಲಿ ಸಂಘವೇ ಅಪರಾಧಿ ಎಂದು ತೀರ್ಪಾಗಿ, ಪೆನ್ಸಿಲ್ವೇನಿಯಾದಿಂದ ಹತ್ತು ವರ್ಷ ಹೊರಗೆ ಹಾಕಲಾಯಿತು.

ಕಷ್ಟ ಒಟ್ಟಿಗೆ ಅನುಭವಿಸಿದರೆ ಬಾಂಧವ್ಯ ಬೆಳೆಯುತ್ತದೆ ಎಂಬುದು ಸಮರ್ಥಕರ ದೊಡ್ಡ ವಾದ. ಆರನ್ಸನ್ ಮತ್ತು ಮಿಲ್ಸ್ 1959ರಲ್ಲಿ ಮಾಡಿದ ಪ್ರಯೋಗವನ್ನು ಇದಕ್ಕೆ ಆಧಾರ ಕೊಡುತ್ತಾರೆ. ಅದರಲ್ಲಿ ಇದ್ದವರು 63 ಕಾಲೇಜು ಹುಡುಗಿಯರು. ಕೆಲವರಿಗೆ ಮುಜುಗರದ ಮಾತುಗಳನ್ನು ಗಟ್ಟಿಯಾಗಿ ಓದಿಸಿದರು, ಆಮೇಲೆ ನೀರಸವಾದ ಚರ್ಚೆಯೊಂದನ್ನು ಕೇಳಿಸಿದರು. ಹೆಚ್ಚು ಮುಜುಗರ ಪಟ್ಟವರು ಆ ನೀರಸ ಗುಂಪಿಗೆ ಹೆಚ್ಚು ಅಂಕ ಕೊಟ್ಟರು. ಕಷ್ಟಪಟ್ಟು ತೆತ್ತ ಬೆಲೆಯನ್ನು ಮನಸ್ಸು ಸಮರ್ಥಿಸಿಕೊಳ್ಳುತ್ತದೆ ಎಂದು ಅದು ತೋರಿಸಿತು. ಅವರು ಪರಸ್ಪರ ಆಪ್ತರಾದರು ಎಂದು ತೋರಿಸಲಿಲ್ಲ, ಆ ಗುಂಪಿನ ಜನರನ್ನು ಅವರು ಭೇಟಿಯೂ ಆಗಿರಲಿಲ್ಲ. ನಿಜವಾದ ಫ್ರಾಟರ್ನಿಟಿಯೊಂದನ್ನು ಹತ್ತಿರದಿಂದ ಅಳೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲೂ ಹೇಜಿಂಗ್ ಒಗ್ಗಟ್ಟು ಬೆಳೆಸುತ್ತದೆ ಎಂಬುದಕ್ಕೆ ಬಲವಾದ ಪುರಾವೆ ಸಿಗಲಿಲ್ಲ. ಹೇಜಿಂಗ್ ಬೆಳೆಸುವುದು ಸಾಲವನ್ನು. ನಾನು ಅನುಭವಿಸಿದ್ದೇನೆ, ಮುಂದಿನವನು ತೀರಿಸಲಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆಯಾಗಿ ಅತ್ತವಳೇ ಅತ್ತೆಯಾದಾಗ ಅಳಿಸುವುದನ್ನು ನಾವು ಮನೆಗಳಲ್ಲಿ ಕಂಡಿದ್ದೇವೆ, ಅದನ್ನು ಯಾರೂ ಬಾಂಧವ್ಯ ಎಂದು ಕರೆದಿಲ್ಲ.

ಸೊರೋರಿಟಿಗಳಲ್ಲಿ ಸಾವು ಕಡಿಮೆ, ಹೇಜಿಂಗ್ ಇಲ್ಲವೆಂದಲ್ಲ. ದೊಡ್ಡ ಮಹಿಳಾ ಸಂಘಗಳು ತಮ್ಮ ಮನೆಗಳಲ್ಲಿ ಮದ್ಯ ಇಡುವ ಹಾಗಿಲ್ಲ, ಹಾಗಾಗಿ ಪಾರ್ಟಿ ಹುಡುಗರ ಮನೆಗಳಲ್ಲಿ. ಅವರಲ್ಲಿ ಕಾಣುವುದು ನಿದ್ದೆ ಕೆಡಿಸುವುದು, ಮೈಬಣ್ಣ, ಮೈತೂಕದ ಬಗ್ಗೆ ಸಾಲಿನಲ್ಲಿ ನಿಲ್ಲಿಸಿ ಆಡಿಕೊಳ್ಳುವುದು, ವಾರಗಟ್ಟಲೆ ಮಾತು ಬಿಡಿಸುವುದು. ಇಲಿನಾಯ್‌ನಲ್ಲಿ 2012ರಲ್ಲಿ ಹುಡುಗನೊಬ್ಬ ಸತ್ತ ರಾತ್ರಿ, ಕೋಣೆಯಿಂದ ಕೋಣೆಗೆ ಕಳಿಸಿ ವೋಡ್ಕಾ ಕುಡಿಸಿದವರಲ್ಲಿ 'ತಾಯಂದಿರು' ಎಂದು ಕರೆಸಿಕೊಂಡ ಸೊರೋರಿಟಿಯ ಹುಡುಗಿಯರೂ ಇದ್ದರು. ಅವರ ಮೇಲೂ ದಾವೆ ಮುಂದುವರಿಯಬಹುದು ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು.

ಹಾಗಾದರೆ ಎಲ್ಲವನ್ನೂ ಮುಚ್ಚಬೇಕೇ? ವಿಲಿಯಮ್ಸ್ ಕಾಲೇಜು 1962ರಲ್ಲಿ ಆ ದಾರಿ ಹಿಡಿಯಿತು, ಆಮ್‌ಹರ್ಸ್ಟ್ ಮತ್ತು ಕೋಲ್ಬಿ 1984ರಲ್ಲಿ. ಇವು ಸಣ್ಣ ಖಾಸಗಿ ಕಾಲೇಜುಗಳು, ವಿದ್ಯಾರ್ಥಿಗಳ ವಸತಿ ಅವುಗಳ ಹಿಡಿತದಲ್ಲೇ ಇದೆ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅದು ಕಷ್ಟ, ಸಂಘ ಕಟ್ಟುವ ಹಕ್ಕು ಸಂವಿಧಾನ ಕೊಟ್ಟದ್ದು. ಕೊಲೊರಾಡೋದ ಬೌಲ್ಡರ್‌ನಲ್ಲಿ 2004ರ ಸಾವಿನ ನಂತರ ವಿಶ್ವವಿದ್ಯಾಲಯ ಕಠಿಣ ಷರತ್ತು ಹಾಕಿತು. ಫ್ರಾಟರ್ನಿಟಿಗಳು ಸಹಿ ಹಾಕದೆ 2005ರಲ್ಲಿ ಕ್ಯಾಂಪಸ್ಸಿನ ಹಿಡಿತದಿಂದ ಹೊರಗೆ ಹೋದವು, ಮನೆಗಳು ಇದ್ದಲ್ಲೇ ಇದ್ದವು. ಮದ್ಯ ನಿಷೇಧದ ಬೋರ್ಡೂ ಅಷ್ಟೇ. ಪಿಯಾಜಾ ಬಿದ್ದ ಮನೆ ಕಾಗದದ ಮೇಲೆ ಮದ್ಯಮುಕ್ತ, ಗ್ರೂವರ್ ಸೇರಿದ್ದ ಫೈ ಡೆಲ್ಟಾ ಥೀಟಾ 2000ದಿಂದಲೇ ಮದ್ಯಮುಕ್ತ ಮನೆಗಳ ನಿಯಮ ತಂದ ಸಂಘ.

ನನಗೆ ಹೆಚ್ಚು ಅರ್ಥವಿದೆ ಅನ್ನಿಸುವುದು ಪ್ಲೆಡ್ಜ್ ಅವಧಿಯನ್ನೇ ತೆಗೆಯುವುದು. ಜೀಟಾ ಬೀಟಾ ಟೌ 1989ರಲ್ಲೇ ತೆಗೆಯಿತು. ಸಾಲುಸಾಲು ಸಾವು ಕಂಡ ಸಿಗ್ಮಾ ಆಲ್ಫಾ ಎಪ್ಸಿಲಾನ್ 2014ರಲ್ಲಿ ತೆಗೆದು, ಬಿಡ್ ಒಪ್ಪಿದ 96 ಗಂಟೆಯೊಳಗೆ ಪೂರ್ಣ ಸದಸ್ಯತ್ವ ಎಂದಿತು. ಮತದಾನದ ಹಕ್ಕಿರುವ ಸದಸ್ಯನನ್ನು ಬೆದರಿಸಲು ಹತ್ಯಾರವೇ ಇರುವುದಿಲ್ಲ. ಕಪ್ಪುಜನರ ಸಂಘಗಳು 1990ರಲ್ಲಿ ಒಟ್ಟಾಗಿ ಪ್ಲೆಡ್ಜಿಂಗ್ ನಿಲ್ಲಿಸಿದಾಗ ಅದು ಗುಟ್ಟಾಗಿ ಮುಂದುವರಿದದ್ದೂ ನಿಜ. ಅದಕ್ಕೇ ಜೊತೆಗೆ ಎರಡನೆಯದೊಂದು ಬೇಕು, ಗುಟ್ಟಿನ ಬೆಲೆ ಏರಿಸುವ ಕಾನೂನು. 2024ರ ಡಿಸೆಂಬರ್‌ನಲ್ಲಿ ಸಹಿಯಾದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಆ ದಿಕ್ಕಿನದು. ತಪ್ಪು ಮಾಡಿದ ಸಂಘದ ಹೆಸರು, ಏನಾಯಿತು, ಏನು ಶಿಕ್ಷೆ ಎಂಬುದನ್ನು ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಫ್ಲೋರಿಡಾದ 2019ರ ಕಾನೂನು ಮೊದಲು ಸಹಾಯಕ್ಕೆ ಫೋನ್ ಮಾಡಿದವನಿಗೆ ರಕ್ಷಣೆ ಕೊಡುತ್ತದೆ.

ಇದು ನಮ್ಮ ಮನೆಗಳಿಗೆ ಯಾಕೆ ಬೇಕು? ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಪದವಿಗೆ ಅಮೆರಿಕಕ್ಕೆ ಹೋಗುವ ಮಕ್ಕಳಿದ್ದಾರೆ, ಅಲ್ಲೇ ಹುಟ್ಟಿದ ಕನ್ನಡದ ಮಕ್ಕಳಿದ್ದಾರೆ. 1990ರ ದಶಕದ ಕೊನೆಯಲ್ಲಿ ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ದಕ್ಷಿಣ ಏಷ್ಯನ್ನರದೇ ಫ್ರಾಟರ್ನಿಟಿ, ಸೊರೋರಿಟಿಗಳು ಹುಟ್ಟಿವೆ. ಇಲ್ಲಿ ಯುಜಿಸಿಯ 2009ರ ನಿಯಮದಂತೆ ರ‍್ಯಾಗಿಂಗ್ ವಿರೋಧಿ ಅಫಿಡವಿಟ್‌ಗೆ ಸಹಿ ಹಾಕಿ ಅಭ್ಯಾಸವಿರುವ ತಂದೆತಾಯಿಗೆ ಅಲ್ಲಿನ ವ್ಯತ್ಯಾಸ ಹೊಳೆಯುವುದಿಲ್ಲ. ರ‍್ಯಾಗಿಂಗ್ ಹುಡುಗನನ್ನು ಹುಡುಕಿಕೊಂಡು ಬರುತ್ತದೆ, ಹೇಜಿಂಗ್‌ಗೆ ಹುಡುಗ ತಾನೇ ಹೋಗುತ್ತಾನೆ, ಚಂದಾ ಕಟ್ಟಿ ಹೋಗುತ್ತಾನೆ. ಒಪ್ಪಿಯೇ ಮಾಡಿದ್ದಲ್ಲವೇ ಎಂಬ ಮಾತು ಅನೇಕ ರಾಜ್ಯಗಳ ಕಾನೂನಿನಲ್ಲಿ ನಡೆಯುವುದಿಲ್ಲ ಎಂಬುದು ಅವನಿಗೂ ಗೊತ್ತಿರುವುದಿಲ್ಲ.

ರಶ್‌ಗೆ ಮುಂಚೆ ಆ ಕಾಲೇಜಿನ ಹೇಜಿಂಗ್ ವರದಿಯನ್ನು ಮಗುವಿನ ಜೊತೆ ಕೂತು ಓದಿ. ಅಮಾನತಾದ ಚಾಪ್ಟರ್ ಬೇರೆ ಹೆಸರಿನಲ್ಲಿ ಅದೇ ಬೀದಿಯಲ್ಲಿ ನಡೆಯುತ್ತಿದೆಯೇ ಎಂದು ಹಳೆಯ ವಿದ್ಯಾರ್ಥಿಗಳನ್ನು ಕೇಳಿ. 'ಫೋನ್ ಇಲ್ಲಿಟ್ಟು ಬಾ' ಎಂದು ಯಾರಾದರೂ ಫೋನ್ ಕಿತ್ತುಕೊಂಡರೆ ಅಲ್ಲಿಂದಲೇ ವಾಪಸು ಹೊರಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. 911ಕ್ಕೆ ಹೇಳಬೇಕಾದ್ದು ಮೂರೇ: ವಿಳಾಸ, ಉಸಿರಾಟ ಹೇಗಿದೆ, ಎಷ್ಟು ಹೊತ್ತಿನಿಂದ ಎಚ್ಚರವಿಲ್ಲ. ಕರೆ ಮಾಡಿದವನು ಆಂಬ್ಯುಲೆನ್ಸ್ ಬರುವವರೆಗೆ ಅಲ್ಲೇ ಇರಬೇಕು. ರಕ್ಷಣೆ ಕೊಡುವ ಕಾನೂನುಗಳು ಸಾಮಾನ್ಯವಾಗಿ ಕಾಯುವುದು ಹಾಗೆ ನಿಂತವನನ್ನು.